ಪಾಚಿಯೊಳಗೆ ಇಣುಕಿದ ಬಟ್ಟೆ ವ್ಯಾಪಾರಿ

ಮಕ್ಕಳೇ, ಬಹಳ ದಿನ ತೊಳೆಯದ ನೀರಿನ ತೊಟ್ಟಿಯ ಒಳಗೋಡೆಯನ್ನು ಮುಟ್ಟಿ ನೋಡಿದ್ದೀರಾ? ಜಾರುವ ಹಸಿರು ಪದರವೊಂದು ಬೆರಳಿಗೆ ಅಂಟುತ್ತದೆ. ಕೆರೆಯ ಮೆಟ್ಟಿಲಿನಲ್ಲೂ ಪಟ್ಟಣದ ಈಜುಕೊಳದಲ್ಲೂ ಇದು ಬೆಳೆಯುತ್ತದೆ. ಇದೇ ಪಾಚಿ. ಪಾಚಿಯನ್ನು ಉಜ್ಜಿ ತೊಳೆಯುವವರು ಬಹಳ ಜನ. ಆದರೆ ಅದು ಏನು ಎಂದು ಹತ್ತಿರದಿಂದ ನೋಡಿದವರು ಯಾರು? ಸುಮಾರು 350 ವರ್ಷಗಳ ಹಿಂದೆ ಹಾಗೆ ನೋಡಿದವರು ಆಂಟನಿ ವಾನ್ ಲೀವನ್‌ಹುಕ್.

ಅವರು ಹುಟ್ಟಿದ್ದು 1632ರ ಅಕ್ಟೋಬರ್ 24ರಂದು, ನೆದರ್ಲೆಂಡ್ಸ್ ದೇಶದ ಡೆಲ್ಫ್ಟ್ ಪಟ್ಟಣದಲ್ಲಿ. ತಂದೆ ಬುಟ್ಟಿ ಹೆಣೆಯುತ್ತಿದ್ದರು. ಲೀವನ್‌ಹುಕ್ ಚಿಕ್ಕವರಿದ್ದಾಗಲೇ ತಂದೆ ತೀರಿಕೊಂಡರು. 16ನೇ ವಯಸ್ಸಿನಲ್ಲಿ ಅವರು ಬಟ್ಟೆ ಅಂಗಡಿಯ ಕೆಲಸಕ್ಕೆ ಸೇರಿದರು. ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಲಿಲ್ಲ. ಆಗಿನ ವಿದ್ವಾಂಸರ ಭಾಷೆಯಾದ ಲ್ಯಾಟಿನ್ ಕೂಡ ಅವರಿಗೆ ಬರುತ್ತಿರಲಿಲ್ಲ.

ಬಟ್ಟೆಯ ಎಳೆಗಳನ್ನು ಪರೀಕ್ಷಿಸಲು ಆಗ ವ್ಯಾಪಾರಿಗಳು ಭೂತಗನ್ನಡಿ ಬಳಸುತ್ತಿದ್ದರು. ಲೀವನ್‌ಹುಕ್ ತಾವೇ ಗಾಜನ್ನು ಉಜ್ಜಿ ಪುಟ್ಟ ಮಸೂರಗಳನ್ನು ಮಾಡಲು ಕಲಿತರು. ಅವರ ಸೂಕ್ಷ್ಮದರ್ಶಕದಲ್ಲಿ ಇದ್ದದ್ದು ಒಂದೇ ಮಸೂರ, ಹಿಡಿಯಲು ಒಂದು ಲೋಹದ ಪಟ್ಟಿ. ಈಗ ಉಳಿದಿರುವವುಗಳಲ್ಲಿ ಒಂದು ವಸ್ತುವನ್ನು ಸುಮಾರು 270 ಪಟ್ಟು ದೊಡ್ಡದಾಗಿ ತೋರಿಸುತ್ತದೆ!

ಡೆಲ್ಫ್ಟ್ ಬಳಿ ಬರ್ಕೆಲ್ಸೆ ಮೇರೆ ಎಂಬ ಸರೋವರವಿತ್ತು. ಚಳಿಗಾಲದಲ್ಲಿ ಅದರ ನೀರು ತಿಳಿಯಾಗಿರುತ್ತಿತ್ತು. ಬೇಸಿಗೆ ಬಂದರೆ ಬಿಳಿಚಿಕೊಂಡು, ಹಸಿರು ಮೋಡಗಳಂಥ ಮುದ್ದೆಗಳು ತೇಲುತ್ತಿದ್ದವು. ಇದು ಇಬ್ಬನಿಯ ಪ್ರಭಾವ ಎಂದು ಹಳ್ಳಿಯ ಜನ ಹೇಳುತ್ತಿದ್ದರು. ಲೀವನ್‌ಹುಕ್ ಕೇಳಿದ್ದನ್ನು ನಂಬಿ ಸುಮ್ಮನಾಗಲಿಲ್ಲ. 1674ರಲ್ಲಿ ಆ ನೀರನ್ನು ಗಾಜಿನ ಸೀಸೆಯಲ್ಲಿ ತಂದು ಮರುದಿನ ಮಸೂರದಡಿ ಇಟ್ಟರು. ಏನು ಕಂಡಿತು ಗೊತ್ತೇ? ಕೂದಲೆಳೆಯಷ್ಟು ದಪ್ಪದ ದಾರಗಳು. ಅವುಗಳಲ್ಲಿ ಸ್ಪ್ರಿಂಗ್‌ನಂತೆ ಸುತ್ತಿಕೊಂಡ ಹಸಿರು ಪಟ್ಟಿಗಳು. ಅದು ನಾವು ಇಂದು ಸ್ಪೈರೋಗೈರ ಎಂದು ಕರೆಯುವ ಪಾಚಿ ಎಂದು ವಿಜ್ಞಾನಿಗಳು ಗುರುತಿಸಿದ್ದಾರೆ. ಅದೇ ನೀರಿನಲ್ಲಿ ಓಡಾಡುವ ಅತಿ ಪುಟ್ಟ ಜೀವಿಗಳೂ ಇದ್ದವು.

ತಾವು ಕಂಡದ್ದನ್ನೆಲ್ಲ ಅವರು ಲಂಡನ್ನಿನ ರಾಯಲ್ ಸೊಸೈಟಿಗೆ ಪತ್ರ ಬರೆದು ತಿಳಿಸುತ್ತಿದ್ದರು. ಒಂದು ಹನಿ ನೀರಿನಲ್ಲಿ ಸಾವಿರಾರು ಜೀವಿಗಳಿವೆ ಎಂದು 1676ರಲ್ಲಿ ಬರೆದಾಗ ಅಲ್ಲಿನವರಿಗೆ ನಂಬಿಕೆ ಬರಲಿಲ್ಲ. ಲೀವನ್‌ಹುಕ್ ಕೋಪಿಸಿಕೊಂಡು ಕೂರಲಿಲ್ಲ. ಊರಿನ ಗಣ್ಯರನ್ನು ಕರೆದು ತೋರಿಸಿ, ಅವರ ಸಾಕ್ಷಿಪತ್ರಗಳನ್ನು ಕಳುಹಿಸಿದರು. 1677ರಲ್ಲಿ ರಾಬರ್ಟ್ ಹುಕ್ ತಾವೇ ಪ್ರಯೋಗ ಮಾಡಿ ಆ ಜೀವಿಗಳನ್ನು ಕಂಡರು. 1680ರಲ್ಲಿ ಸೊಸೈಟಿಯು ಈ ಬಟ್ಟೆ ವ್ಯಾಪಾರಿಯನ್ನು ಸದಸ್ಯರನ್ನಾಗಿ ಆರಿಸಿತು. ಅವರು 1723ರ ಆಗಸ್ಟ್ 26ರಂದು, 90ನೇ ವಯಸ್ಸಿನಲ್ಲಿ ನಿಧನರಾದರು.

ಮೊದಲು ನೋಡು, ಆಮೇಲೆ ನಿರ್ಧರಿಸು ಎಂಬ ಅವರ ದಾರಿ ಈಜುಕೊಳಕ್ಕೂ ಬೇಕು. ನೀರೆಲ್ಲ ಹಸಿರಾಗಿ ಮಬ್ಬಾಗಿದ್ದರೆ ಅದು ತೇಲುವ ಹಸಿರು ಪಾಚಿ. ನೆರಳಿನ ಗೋಡೆಯ ಮೇಲೆ ಹಳದಿ ಧೂಳಿನಂತಿದ್ದರೆ ಅದು ಬೇರೆ ಬಗೆ. ಸುಲಭವಾಗಿ ಬಿಡದ ಕಪ್ಪು ಚುಕ್ಕೆಗಳಿದ್ದರೆ ಅದು ನಿಜವಾದ ಪಾಚಿಯೇ ಅಲ್ಲ, ಸಯನೋಬ್ಯಾಕ್ಟೀರಿಯಾ! ಅದನ್ನು ಹೆಚ್ಚು ಗಟ್ಟಿಯಾಗಿ ಉಜ್ಜಬೇಕು. ಗೋಡೆಗಳನ್ನು ಬ್ರಷ್‌ನಿಂದ ಉಜ್ಜಿದರೆ ಅಂಟಿದ ಪದರ ಸಡಿಲವಾಗುತ್ತದೆ. ಆಗ ಕ್ಲೋರಿನ್ ಅದರ ಜೀವಕೋಶಗಳನ್ನು ತಲುಪಿ ಕೊಲ್ಲುತ್ತದೆ. ಸತ್ತ ಪಾಚಿಯನ್ನು ಶೋಧಕ ಹಿಡಿಯುತ್ತದೆ. ಉಜ್ಜದೆ ಕ್ಲೋರಿನ್ ಮಾತ್ರ ಹಾಕಿದರೆ ಪದರದೊಳಗಿನ ಪಾಚಿ ಉಳಿದು ಮತ್ತೆ ಬೆಳೆಯಬಹುದು. ನೆನಪಿಡಿ, ಕ್ಲೋರಿನ್ ಬಳಸುವುದು ತಿಳಿದ ದೊಡ್ಡವರ ಕೆಲಸ; ನೀವು ಮುಟ್ಟಬೇಡಿ.

ನೀವು ಮಾಡಬಹುದಾದದ್ದೂ ಇದೆ. ಪಾಚಿ ಬೆಳಕಿನಿಂದ ಆಹಾರ ತಯಾರಿಸಿಕೊಳ್ಳುತ್ತದೆ. ಹಾಗಾದರೆ ನೀರಿನ ತೊಟ್ಟಿಗೆ ಬೆಳಕು ತೂರದ ಮುಚ್ಚಳ ಹಾಕಿದರೆ ಏನಾಗುತ್ತದೆ? ಎರಡು ಗಾಜಿನ ಲೋಟಗಳಲ್ಲಿ ಕೆರೆಯ ನೀರು ತುಂಬಿ, ಒಂದನ್ನು ಕಿಟಕಿಯ ಬಳಿ, ಇನ್ನೊಂದನ್ನು ಕತ್ತಲಲ್ಲಿ ಇಡಿ. ಆ ನೀರನ್ನು ಕುಡಿಯಬೇಡಿ; ಮುಟ್ಟಿದರೆ ಸಾಬೂನಿನಿಂದ ಕೈ ತೊಳೆಯಿರಿ. ಎರಡು ವಾರ ಪ್ರತಿದಿನ ನೋಡಿ, ಕಂಡದ್ದನ್ನು ಬರೆದಿಡಿ. ಲೀವನ್‌ಹುಕ್ 50 ವರ್ಷ ಮಾಡಿದ್ದೂ ಇದನ್ನೇ.