ಸಹಪಾಠಿ ಕಂಡ ರ್‍ಯಾಂಬೋ

ಒಬ್ಬ ಮನುಷ್ಯನನ್ನು ಬಲ್ಲವರಲ್ಲಿ ಹಲವು ಬಗೆಯವರುಂಟು. ಹೆತ್ತವರು ಬಲ್ಲದ್ದು ಒಂದಾದರೆ ಗುರುಗಳು ಬಲ್ಲದ್ದು ಮತ್ತೊಂದು. ಲೋಕವು ಬಲ್ಲದ್ದಾದರೋ ಬಹುಮಟ್ಟಿಗೆ ಅವನು ಕಣ್ಮರೆಯಾದ ಮೇಲಿನ ಮಾತು. ಇವರೆಲ್ಲರ ನಡುವೆ ಸಹಪಾಠಿಯ ಸ್ಥಾನ ಬೇರೆಯೇ ಆದುದು. ಕೀರ್ತಿಯ ಬೆಳಕು ಬೀಳುವುದಕ್ಕೆ ಮುಂಚಿನ ಮುಖವನ್ನು ಕಂಡವನು ಅವನು. ಹಾಗೆ ಕಂಡದ್ದನ್ನು ಅರ್ಧ ಶತಮಾನದ ಕಾಲ ಕಾಪಾಡಿಕೊಂಡು ಬಂದು ಮುಂದಿನವರಿಗೆ ಒಪ್ಪಿಸಿದವರಲ್ಲಿ ಫ್ರಾನ್ಸಿನ ಅರ್ನೆಸ್ಟ್ ದೆಲಾಯೆ ಒಬ್ಬನು. ಅವನ ಸಹಪಾಠಿಯಾಗಿದ್ದವನು ಆರ್ತುರ್ ರ್‍ಯಾಂಬೋ. ಇಪ್ಪತ್ತೊಂದು ತುಂಬುವುದರೊಳಗೆ ಫ್ರೆಂಚ್ ಕಾವ್ಯದ ದಿಕ್ಕನ್ನೇ ತಿರುಗಿಸಿ, ಅನಂತರ ಕಾವ್ಯದ ಕಡೆಗೆ ಮತ್ತೆ ಮುಖ ತಿರುಗಿಸದೆ ಹೊರಟುಹೋದ ಕವಿ.

ರ್‍ಯಾಂಬೋ ಹುಟ್ಟಿದ್ದು 1854ರ ಅಕ್ಟೋಬರ್ 20ರಂದು, ಫ್ರಾನ್ಸಿನ ಈಶಾನ್ಯ ಗಡಿಯ ಬಳಿಯ ಶಾರ್ಲ್‌ವಿಲ್ ಎಂಬ ಪಟ್ಟಣದಲ್ಲಿ. ತಂದೆ ಸೈನ್ಯದಲ್ಲಿ ಕ್ಯಾಪ್ಟನ್. ಅಲ್ಜೀರಿಯದಲ್ಲಿ ಕೆಲಸ ಮಾಡಿ ಬಂದವನು. 1860ರಲ್ಲಿ ಮನೆ ಬಿಟ್ಟು ಹೋದವನು ಮತ್ತೆ ಹೆಂಡತಿ ಮಕ್ಕಳ ಬಳಿಗೆ ಬರಲಿಲ್ಲ. ತಾಯಿ ವಿತಾಲಿ ಬೇಸಾಯಗಾರರ ಮನೆತನದ ಹೆಣ್ಣು. ಇಬ್ಬರು ಗಂಡುಮಕ್ಕಳನ್ನೂ ಇಬ್ಬರು ಹೆಣ್ಣುಮಕ್ಕಳನ್ನೂ ಒಂಟಿಯಾಗಿ, ಕಟ್ಟುನಿಟ್ಟಿನಿಂದ ಬೆಳೆಸಿದಳು. ಆ ಮನೆಯಲ್ಲಿ ಅನ್ನಕ್ಕೆ ಕೊರತೆಯಿರಲಿಲ್ಲ, ನಗುವಿಗೆ ಕೊರತೆಯಿತ್ತು.

1865ರಲ್ಲಿ ಹುಡುಗ ಊರಿನ ಪ್ರೌಢಶಾಲೆಯನ್ನು ಸೇರಿದನು. ದೆಲಾಯೆ ಅವನ ಗೆಳೆಯನಾದದ್ದು ಅಲ್ಲಿಯೇ. ಅವನು ಒಂದು ವರ್ಷ ದೊಡ್ಡವನು. ಮ್ಯೋಜ್ ನದಿಯ ಆಚೆಯ ಮೆಜಿಯೇರ್ ಊರಿನವನು. ರ್‍ಯಾಂಬೋ ಆಗ ಎಲ್ಲ ಉಪಾಧ್ಯಾಯರೂ ಹಾರೈಸುವಂಥ ವಿದ್ಯಾರ್ಥಿ, ಬಹುಮಾನಗಳನ್ನು ಬಾಚಿಕೊಳ್ಳುತ್ತಿದ್ದನು. 1869ರಲ್ಲಿ ಆ ಪ್ರಾಂತದ ಶಾಲೆಗಳೆಲ್ಲಕ್ಕೂ ಸೇರಿ ನಡೆದ ಲ್ಯಾಟಿನ್ ಪದ್ಯರಚನೆಯ ಸ್ಪರ್ಧೆಯಲ್ಲಿ ವಿಷಯವಾಗಿ ಕೊಟ್ಟದ್ದು ಒಂದೇ ಒಂದು ಹೆಸರು: ರೋಮನರನ್ನು ಎದುರಿಸಿದ ಆಫ್ರಿಕದ ದೊರೆ ಜುಗುರ್ತ. ನಮ್ಮ ಸಮಸ್ಯಾಪೂರಣವನ್ನು ನೆನಪಿಗೆ ತರುವ ಪರೀಕ್ಷೆಯಿದು. ಹದಿನಾಲ್ಕರ ಹುಡುಗ ಆ ಪ್ರಾಚೀನ ವೀರನನ್ನು ತನ್ನ ಕಾಲದ ಅಲ್ಜೀರಿಯದ ನಾಯಕ ಅಬ್ದುಲ್ ಕಾದಿರನೊಡನೆ ಜೋಡಿಸಿ ಪದ್ಯ ಕಟ್ಟಿ ಮೊದಲ ಬಹುಮಾನ ಪಡೆದನು. ಶಿಕ್ಷಣ ಇಲಾಖೆಯ ಪತ್ರಿಕೆಯಲ್ಲಿ ಅವನ ಲ್ಯಾಟಿನ್ ಪದ್ಯಗಳು ಅಚ್ಚಾದುವು. ಅವನನ್ನು ಮುಂದೆ ಆಫ್ರಿಕವೇ ನುಂಗಲಿದೆಯೆಂಬುದನ್ನು ಆಗ ಯಾರು ತಾನೇ ಊಹಿಸಬಲ್ಲವರಾಗಿದ್ದರು?

1870ರ ಜನವರಿಯಲ್ಲಿ ಇಜಾಂಬಾರ್ ಎಂಬ ಇಪ್ಪತ್ತೊಂದರ ತರುಣ ಆ ಶಾಲೆಗೆ ಉಪಾಧ್ಯಾಯನಾಗಿ ಬಂದನು. ತನ್ನ ಪುಸ್ತಕಗಳನ್ನೂ ಸ್ನೇಹವನ್ನೂ ಹುಡುಗನಿಗೆ ಧಾರಾಳವಾಗಿ ಕೊಟ್ಟನು. ಅದೇ ಬೇಸಗೆಯಲ್ಲಿ ಪ್ರಷ್ಯದೊಡನೆ ಯುದ್ಧ ಹೊತ್ತಿತು. ಆಗಸ್ಟ್ ಕೊನೆಯಲ್ಲಿ ರ್‍ಯಾಂಬೋ ಮನೆಯಿಂದ ಓಡಿಹೋಗಿ, ಸರಿಯಾದ ಟಿಕೆಟ್ಟಿಲ್ಲದೆ ಪ್ಯಾರಿಸಿಗೆ ಬಂದಿಳಿದು ಸೆರೆಮನೆ ಸೇರಿದನು. ಬಿಡಿಸಿದವನು ಇಜಾಂಬಾರ್. ಅಕ್ಟೋಬರಿನಲ್ಲಿ ಮತ್ತೊಮ್ಮೆ ಓಟ; ಈ ಸಲ ಬೆಲ್ಜಿಯಮ್ಮಿನ ಹಾದಿ. ಯುದ್ಧದಿಂದ ಶಾಲೆ ಮುಚ್ಚಿತ್ತು. ಆ ಚಳಿಗಾಲದಲ್ಲಿ ಇಬ್ಬರು ಸಹಪಾಠಿಗಳೂ ದಿನವೂ ಕಾಡುಮೇಡು ಸುತ್ತುತ್ತ, ಚಿಲುಮೆ ಸೇದುತ್ತ, ಕವಿತೆ ಓದುತ್ತ, ರಾಜರನ್ನೂ ಪಾದ್ರಿಗಳನ್ನೂ ಬೈಯುತ್ತ ಕಾಲ ಕಳೆದರು. ವರ್ಷದ ಕೊನೆಯ ದಿನ ಶತ್ರುಗಳ ಫಿರಂಗಿಗಳು ಮೆಜಿಯೇರನ್ನು ಸುಟ್ಟುವು. ಶಾಲೆ ಮತ್ತೆ ತೆರೆದಾಗ ರ್‍ಯಾಂಬೋ ಒಳಗೆ ಕಾಲಿಡಲಿಲ್ಲ. ಅಷ್ಟು ಹೊತ್ತಿಗೆ ಅವನ ಪಾಠ ಬೇರೆಯಾಗಿತ್ತು. ಕವಿಯಾದವನು ದ್ರಷ್ಟಾರನಾಗಬೇಕು, ಅದಕ್ಕಾಗಿ ತನ್ನ ಇಂದ್ರಿಯಗಳ ಕ್ರಮವನ್ನೆಲ್ಲ ಬುದ್ಧಿಪೂರ್ವಕವಾಗಿ ಕದಡಬೇಕು ಎಂಬ ತನ್ನ ಮತವನ್ನು ಅವನು 1871ರ ಮೇ ತಿಂಗಳಲ್ಲಿ ಎರಡು ಕಾಗದಗಳಲ್ಲಿ ವಿವರಿಸಿದನು. ಆಗ ಅವನಿಗೆ ಹದಿನಾರು ವರ್ಷ.

ಆ ಸೆಪ್ಟೆಂಬರಿನಲ್ಲಿ ಕವಿ ಪಾಲ್ ವರ್ಲೇನನ ಕರೆ ಬಂತು. ಹೊರಡುವ ಮುನ್ನ ರ್‍ಯಾಂಬೋ ತಾನು ಪ್ಯಾರಿಸಿನವರಿಗೆ ತೋರಿಸಲೆಂದು ಬರೆದ ನೂರು ಸಾಲಿನ ಹೊಸ ಕವನವನ್ನು ದೆಲಾಯೆಗೆ ಓದಿದನು. ಚುಕ್ಕಾಣಿ ಕಳಚಿ ಸಮುದ್ರಕ್ಕೆ ತೇಲಿಹೋದ ದೋಣಿಯೊಂದು ತನ್ನ ಕಥೆಯನ್ನು ತಾನೇ ಹೇಳಿಕೊಳ್ಳುವ ಕವನವದು. ಬರೆದವನು ಇನ್ನೂ ಸಮುದ್ರವನ್ನು ಕಂಡಿರಲಿಲ್ಲ. ಗೆಳೆಯನು ನೆನೆದುಕೊಂಡಿರುವಂತೆ, ಕವನದ ವಿಷಯದಲ್ಲಿ ರ್‍ಯಾಂಬೋಗೆ ಲೇಶವೂ ಅಳುಕಿರಲಿಲ್ಲ. ಅಳುಕಿದ್ದದ್ದು ತನ್ನ ಹಳ್ಳಿಗಾಡಿನ ನಡೆನುಡಿಗಳ ವಿಷಯದಲ್ಲಿ. ದೊಡ್ಡ ಊರಿನವರೆದುರು ಹೇಗೆ ಕೂರಬೇಕು, ಏನು ಮಾತನಾಡಬೇಕು ಎಂಬ ಸಣ್ಣ ಚಿಂತೆ. ಇಂಥ ವಿವರವನ್ನು ಸಹಪಾಠಿಯಲ್ಲದೆ ಬೇರೆ ಯಾರೂ ಉಳಿಸಿಕೊಡಲಾರರು.

ಪ್ಯಾರಿಸ್, ಬ್ರಸೆಲ್ಸ್, ಲಂಡನ್ನುಗಳಲ್ಲಿ ವರ್ಲೇನನೊಡನೆ ಕಳೆದ ಎರಡು ವರ್ಷಗಳ ಕಥೆ ಪ್ರಸಿದ್ಧವಾದುದು. ವರ್ಲೇನನ ಸಂಸಾರ ಒಡೆಯಿತು. ಕುಡಿತ, ಬಡತನ, ಜಗಳಗಳು ಬೆಳೆದುವು. 1873ರ ಜುಲೈ 10ರಂದು ಬ್ರಸೆಲ್ಸಿನಲ್ಲಿ ವರ್ಲೇನ್ ಹಾರಿಸಿದ ಪಿಸ್ತೂಲಿನ ಗುಂಡು ರ್‍ಯಾಂಬೋನ ಮಣಿಕಟ್ಟಿಗೆ ತಗುಲಿತು. ವರ್ಲೇನನಿಗೆ ಎರಡು ವರ್ಷಗಳ ಸೆರೆಯಾಯಿತು. ರ್‍ಯಾಂಬೋ ತಾಯಿಯ ಹಳ್ಳಿಯಾದ ರೋಶಿಗೆ ಹಿಂದಿರುಗಿ, ನರಕದಲ್ಲಿ ಕಳೆದ ಒಂದು ಋತುವನ್ನು ಕುರಿತ ತನ್ನ ಪುಸ್ತಕವನ್ನು ಮುಗಿಸಿದನು. ಅವನು ತಾನೇ ಅಚ್ಚುಹಾಕಿಸಿದ ಪುಸ್ತಕ ಅದೊಂದೇ. ಹಂಚಿದ ಕೆಲವೇ ಪ್ರತಿಗಳಲ್ಲಿ ಒಂದು ದೆಲಾಯೆಯ ಕೈಸೇರಿತು. ಉಳಿದ ಕಟ್ಟುಗಳು ಬ್ರಸೆಲ್ಸಿನ ಮುದ್ರಕನ ಉಗ್ರಾಣದಲ್ಲಿ 1901ರವರೆಗೆ ಧೂಳು ತಿನ್ನುತ್ತ ಬಿದ್ದಿದ್ದುವು.

ಅಲ್ಲಿಂದ ಮುಂದೆ ಅಲೆದಾಟ. 1875ರಲ್ಲಿ ಜರ್ಮನಿಯ ಸ್ಟುಟ್‌ಗಾರ್ಟ್. 1876ರಲ್ಲಿ ಡಚ್ಚರ ವಸಾಹತು ಸೈನ್ಯಕ್ಕೆ ಸೇರಿ ಜಾವಾ ದ್ವೀಪ, ಅಲ್ಲಿಂದ ತಲೆ ತಪ್ಪಿಸಿಕೊಂಡು ಓಟ. 1878ರಲ್ಲಿ ಹಿಮದ ನಡುವೆ ಕಾಲ್ನಡಿಗೆಯಿಂದ ಆಲ್ಪ್ಸ್ ದಾಟಿ ಅಲೆಕ್ಸಾಂಡ್ರಿಯ, ಸೈಪ್ರಸ್. ಅಲ್ಲಿ ಕಲ್ಲುಗಣಿಯ ಮೇಸ್ತ್ರಿಯ ಕೆಲಸ. ಈ ವರ್ಷಗಳಲ್ಲಿ ದೆಲಾಯೆ ರೆತೆಲ್ ಎಂಬಲ್ಲಿ ಉಪಾಧ್ಯಾಯನಾಗಿದ್ದನು. ಅವನು ಬಿಟ್ಟ ಸ್ಥಾನಕ್ಕೆ ಮುಂದೆ ಬಂದವನು ಸೆರೆಯಿಂದ ಬಿಡುಗಡೆಯಾಗಿದ್ದ ವರ್ಲೇನನೇ. ಗೆಳೆಯನ ಒಂದೊಂದು ಪ್ರಯಾಣವನ್ನೂ ದೆಲಾಯೆ ಹಾಸ್ಯಚಿತ್ರಗಳಾಗಿ ಬರೆದು ವರ್ಲೇನನಿಗೆ ಕಳುಹಿಸುತ್ತಿದ್ದನು. ಹರಕು ಬಟ್ಟೆ, ನೀಳ ಕಾಲು, ಊರಿಂದೂರಿಗೆ ಹಾರುವ ಹುಚ್ಚ. ಅವರಿಬ್ಬರಿಗೂ ಅದು ನಗೆಯ ವಸ್ತು. ತಾವು ನಗುತ್ತಿರುವುದು ಸಾಹಿತ್ಯ ಚರಿತ್ರೆಯ ಒಂದು ಅಧ್ಯಾಯವನ್ನು ನೋಡಿ ಎಂದು ಅವರಿಗೆ ತಿಳಿದಿರಲಿಲ್ಲ.

1879ರ ಶರತ್ಕಾಲದಲ್ಲಿ ದೆಲಾಯೆ ರೋಶಿಗೆ ಹೋಗಿ ಗೆಳೆಯನನ್ನು ಕಂಡನು. ಸೈಪ್ರಸಿನಿಂದ ಜ್ವರ ಹೊತ್ತು ಬಂದಿದ್ದ ರ್‍ಯಾಂಬೋ ಹೊಲದ ಕೆಲಸದಲ್ಲಿ ಕೈಹಾಕಿದ್ದನು. ಕೆನ್ನೆ ಬತ್ತಿತ್ತು, ಬಣ್ಣ ಕಂದಿತ್ತು, ದನಿ ಗಡುಸಾಗಿತ್ತು. ಗುರುತಾಗಿ ಉಳಿದದ್ದು ಆ ತಿಳಿ ನೀಲಿಯ ಕಣ್ಣುಗಳು. ಊಟವಾದ ಮೇಲೆ ದೆಲಾಯೆ ಸಂಕೋಚದಿಂದಲೇ ಸಾಹಿತ್ಯದ ಮಾತೆತ್ತಿದನು. ರ್‍ಯಾಂಬೋ ತಲೆಯಾಡಿಸಿ, ಸ್ವಲ್ಪ ನಕ್ಕು ಸ್ವಲ್ಪ ಬೇಸತ್ತು, ತನಗೀಗ ಅದರ ಗೊಡವೆಯಿಲ್ಲವೆಂದನು. ಅಲ್ಲಿಗೆ ಮಾತು ಮುಗಿಯಿತು. ಅವನು ಕಾವ್ಯವನ್ನು ಬಿಟ್ಟನೇಕೆಂಬುದನ್ನು ಕುರಿತು ವಿದ್ವಾಂಸರು ಬರೆದಿರುವುದಕ್ಕೆ ಕೊನೆಯಿಲ್ಲ. ಆದರೆ ಬಿಟ್ಟವನ ಬಾಯಿಂದ ಬಂದುದನ್ನು ಎದುರಿಗೆ ಕುಳಿತು ಕೇಳಿದ ಗೆಳೆಯನು ಕೊಟ್ಟಿರುವ ಸಾಕ್ಷ್ಯ ಇಷ್ಟು ಸಣ್ಣದು. ಅವನು ಕಾರಣ ಕೇಳಲಿಲ್ಲ, ಇವನು ಹೇಳಲಿಲ್ಲ. ಆಮೇಲೆ ಅವರಿಬ್ಬರೂ ಮತ್ತೆ ಕಲೆಯಲಿಲ್ಲ.

1880ರ ಆಗಸ್ಟಿನಲ್ಲಿ ರ್‍ಯಾಂಬೋ ಏಡನ್ ಬಂದರನ್ನು ಮುಟ್ಟಿದನು. ಏಡನ್ ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. ಧಾರವಾಡ, ಬೆಳಗಾವಿಗಳನ್ನು ಆಳುತ್ತಿದ್ದ ಸರ್ಕಾರವೇ ಅದನ್ನೂ ಆಳುತ್ತಿತ್ತು. ಪೇಟೆಯಲ್ಲಿ ನಡೆಯುತ್ತಿದ್ದ ನಾಣ್ಯ ನಮ್ಮ ರೂಪಾಯಿ. ಬಾರ್ದೆ ಎಂಬ ಫ್ರೆಂಚ್ ವರ್ತಕನ ಮಳಿಗೆಯಲ್ಲಿ ಕಾಫಿ ಬೀಜವನ್ನು ಆರಿಸುತ್ತಿದ್ದ ಹೆಂಗಸರು ಅಲ್ಲಿದ್ದ ಭಾರತೀಯ ಸಿಪಾಯಿಗಳ ಹೆಂಡಿರು. ಫ್ರೆಂಚ್ ಕಾವ್ಯದ ಈ ಮಹಾಪ್ರತಿಭೆ ಅವರ ಮೇಲ್ವಿಚಾರಕನಾಗಿ ಕುಳಿತನು. ವರ್ಷದ ಕೊನೆಗೆ ಸಂಸ್ಥೆಯ ಪರವಾಗಿ ಇಥಿಯೋಪಿಯದ ಎತ್ತರ ನಾಡಿನ ಹರಾರ್ ಪಟ್ಟಣಕ್ಕೆ ಹೋದನು. 1882ರಲ್ಲಿ ಏಡನ್ನಿನಿಂದ ಹಳೆಯ ಗೆಳೆಯ ದೆಲಾಯೆಯ ಹೆಸರಿಗೆ ಕಾಗದವೊಂದನ್ನು ಬರೆದನು. ಅದರಲ್ಲಿ ಕವಿತೆಯ ಸುದ್ದಿಯಿಲ್ಲ. ಹರಾರಿನ ಸೀಮೆಯನ್ನು ಕುರಿತು ಗ್ರಂಥ ಬರೆಯಬೇಕೆಂದಿದ್ದೇನೆ, ಭೂಮಾಪನದ ಉಪಕರಣಗಳನ್ನು ಪ್ಯಾರಿಸಿನಲ್ಲಿ ಕೊಂಡು ಕಳುಹಿಸು ಎಂಬ ಕೋರಿಕೆಯಿದೆ. 1884ರಲ್ಲಿ ಓಗಾಡೆನ್ ಪ್ರದೇಶವನ್ನು ಕುರಿತ ಅವನ ವರದಿಯನ್ನು ಪ್ಯಾರಿಸಿನ ಭೂಗೋಳ ಸಂಘ ಪ್ರಕಟಿಸಿತು. ನಿಖರವಾದ, ಅಲಂಕಾರವಿಲ್ಲದ ಗದ್ಯ.

ಮುಂದೆ ಷೋವಾ ರಾಜ್ಯದ ದೊರೆ ಮೆನೆಲಿಕನಿಗೆ ಬಂದೂಕುಗಳನ್ನು ಮಾರುವ ಸಾಹಸ ಮಾಡಿದನು. ಪಾಲುದಾರನು ಸತ್ತನು, ತಿಂಗಳುಗಟ್ಟಲೆ ಕಾದು, ಮರಳುಗಾಡನ್ನು ದಾಟಿ 1887ರಲ್ಲಿ ಸರಕನ್ನು ಮುಟ್ಟಿಸಿದರೆ, ದೊರೆ ಬೆಲೆಯನ್ನು ಇಳಿಸಿ ಪಾಲುದಾರನ ಸಾಲವನ್ನೂ ಅದರಲ್ಲಿ ಮುರಿದುಕೊಂಡನು. ಇತ್ತ ಪ್ಯಾರಿಸಿನಲ್ಲಿ ವರ್ಲೇನ್ ಬರೆದ ಲೇಖನದಿಂದ ರ್‍ಯಾಂಬೋನ ಹೆಸರು ಬೆಳಗತೊಡಗಿತ್ತು. 1886ರಲ್ಲಿ ಅವನ ಗದ್ಯಕವನಗಳು ಒಂದು ಪತ್ರಿಕೆಯಲ್ಲಿ ಅಚ್ಚಾಗಿದ್ದುವು. ಈ ಸುದ್ದಿಯನ್ನು 1888ರಲ್ಲಿ ಅವನಿಗೆ ಬರೆದು ತಿಳಿಸಿದವನು ಮತ್ತೊಬ್ಬ ಸಹಪಾಠಿ, ಪತ್ರಿಕೋದ್ಯೋಗಿಯಾಗಿದ್ದ ಪಾಲ್ ಬೂರ್ದ್. ಸಣ್ಣ ಗುಂಪೊಂದರಲ್ಲಿ ನೀನು ದಂತಕಥೆಯಾಗಿರುವೆಯೆಂದು ಅವನು ಬರೆದನು. ಆ ಕೀರ್ತಿಗಾಗಿ ರ್‍ಯಾಂಬೋ ಒಂದು ಹೆಜ್ಜೆಯನ್ನೂ ಇಡಲಿಲ್ಲ. ಹರಾರಿನಲ್ಲಿ ಕಾಫಿ, ದಂತ, ಚರ್ಮಗಳ ಲೆಕ್ಕ ಬರೆಯುತ್ತ ಕುಳಿತನು.

1891ರ ಮೊದಲಲ್ಲಿ ಬಲಮೊಣಕಾಲು ಬಾತುಕೊಂಡಿತು. ಏಪ್ರಿಲಿನಲ್ಲಿ ಹದಿನಾರು ಮಂದಿ ಆಳುಗಳು ಅವನನ್ನು ಡೋಲಿಯಲ್ಲಿ ಹೊತ್ತು ಬೆಟ್ಟ, ಮರಳುಗಾಡುಗಳನ್ನು ದಾಟಿಸಿ ಸಮುದ್ರತೀರಕ್ಕೆ ತಂದರು. ಮೇ ತಿಂಗಳಲ್ಲಿ ಮಾರ್ಸೇಲ್ಸಿನ ಆಸ್ಪತ್ರೆಯಲ್ಲಿ ಕಾಲನ್ನು ಕತ್ತರಿಸಿದರು. ಭೂಮಿಯನ್ನು ಕಾಲಿನಿಂದಲೇ ಅಳೆದವನಿಗೆ ವಿಧಿ ಕೊಟ್ಟ ಶಿಕ್ಷೆ ಅದು. ಕೆಲವು ವಾರ ರೋಶಿನಲ್ಲಿದ್ದು ಮತ್ತೆ ಆಸ್ಪತ್ರೆಗೆ ಹಿಂದಿರುಗಿದನು. ನವೆಂಬರ್ 10ರಂದು, ಮೂವತ್ತೇಳನೆಯ ವಯಸ್ಸಿನಲ್ಲಿ, ತಂಗಿ ಇಸಬೆಲ್ಲಳ ಆರೈಕೆಯಲ್ಲಿ ಅವನು ತೀರಿಕೊಂಡನು. ಶಾರ್ಲ್‌ವಿಲ್ಲಿನ ಶವಸಂಸ್ಕಾರಕ್ಕೆ ಹಳೆಯ ಗೆಳೆಯರಿಗೆ ಕರೆ ಹೋಗಲಿಲ್ಲ.

ಸತ್ತವನಿಗಾಗಿ ಜಗಳ ಆಮೇಲೆ ಮೊದಲಾಯಿತು. ತಂಗಿಯೂ ಅವಳ ಗಂಡನೂ ರ್‍ಯಾಂಬೋನನ್ನು ದೈವಭಕ್ತನೆಂದೂ ಸಂತನೆಂದೂ ಚಿತ್ರಿಸಿದರು. ಅದಕ್ಕೊಪ್ಪುವಂತೆ ಅವನ ಕಾಗದಗಳನ್ನು ತಿದ್ದುವುದಕ್ಕೂ ಆ ಭಾವನು ಹಿಂಜರಿಯಲಿಲ್ಲ. ಬೇರೆಯವರು ಅವನಲ್ಲಿ ಕೇವಲ ಬಂಡಾಯವನ್ನು ಕಂಡರು. ಶಿಕ್ಷಣ ಮಂತ್ರಾಲಯದಲ್ಲಿ ಗುಮಾಸ್ತೆಯಾಗಿ ಬಾಳಿದ ದೆಲಾಯೆ 1923ರಲ್ಲೂ 1925ರಲ್ಲೂ ತನ್ನ ನೆನಪುಗಳನ್ನು ಪುಸ್ತಕಗಳಾಗಿ ತಂದು, 1930ರಲ್ಲಿ ಕಣ್ಮುಚ್ಚಿದನು. ಐವತ್ತು ವರ್ಷಗಳ ಹಿಂದಿನ ಸಂಗತಿಗಳಾದ್ದರಿಂದ ಅವನ ತೇದಿಗಳು ಎಲ್ಲೆಡೆಯಲ್ಲೂ ಸರಿಹೊಂದುವುದಿಲ್ಲ. ಪ್ಯಾರಿಸ್ ಕಮ್ಯೂನಿನ ಬಂಡಾಯದಲ್ಲಿ ರ್‍ಯಾಂಬೋ ಇದ್ದನೆಂಬ ಅವನ ಮಾತನ್ನು ವಿದ್ವಾಂಸರು ಸಂದೇಹದಿಂದಲೇ ನೋಡುತ್ತಾರೆ. ಆದರೂ ಆ ಪುಟಗಳಿಲ್ಲದಿದ್ದರೆ ನಮಗೆ ಉಳಿಯುತ್ತಿದ್ದವರು ಒಬ್ಬ ಸಂತನೋ ಒಬ್ಬ ಪಿಶಾಚಿಯೋ ಮಾತ್ರ. ಚಳಿಯಲ್ಲಿ ಕೈ ಕೆಂಪಗಾದ, ತನ್ನ ಕವನವನ್ನು ನಂಬಿ ತನ್ನ ನಡೆಗೆ ನಾಚುತ್ತಿದ್ದ ಆ ಹುಡುಗನು ಉಳಿಯುತ್ತಿರಲಿಲ್ಲ.

ದೆಲಾಯೆ ದೊಡ್ಡ ಲೇಖಕನಲ್ಲ. ಗೆಳೆಯನು ಹೋದ ದಾರಿಯಲ್ಲಿ ಅವನು ಹೋಗಲಿಲ್ಲ, ಹೋಗಬಲ್ಲವನೂ ಆಗಿರಲಿಲ್ಲ. ಆದರೆ ತನಗೆ ಅರ್ಥವಾಗದ ಮೌನವೊಂದಕ್ಕೆ ತನ್ನ ಕಡೆಯಿಂದ ಅರ್ಥವನ್ನು ತುಂಬದೆ, ಕೇಳಿದಷ್ಟನ್ನೇ ಹೇಳಿ ನಿಂತನು. ಸ್ನೇಹಕ್ಕೆ ಅಷ್ಟು ಸಂಯಮವಿದ್ದರೆ ಚರಿತ್ರೆಗೆ ಅದು ದೊಡ್ಡ ಉಪಕಾರ.