ಅಡುಗೆಗೂ ಗಣಿತ ಬೇಕೆಂದ ಮಹಾವೀರಾಚಾರ್ಯ

ನಾನಿರುವ ಮೆಹದಿಪಟ್ಟಣಂನಿಂದ ಚೇವೆಳ್ಳ, ವಿಕಾರಾಬಾದ್ ದಾರಿ ಹಿಡಿದು ಪಶ್ಚಿಮಕ್ಕೆ ಹೋದರೆ ತಾಂಡೂರು, ಸೇಡಂ ದಾಟಿ ಮಳಖೇಡ ಸಿಗುತ್ತದೆ. ಕಲಬುರಗಿ ಜಿಲ್ಲೆಯ ಈ ಊರು ಒಂದು ಕಾಲಕ್ಕೆ ರಾಷ್ಟ್ರಕೂಟರ ರಾಜಧಾನಿ ಮಾನ್ಯಖೇಟ. 814ರಿಂದ 878ರವರೆಗೆ ಆಳಿದ ಅಮೋಘವರ್ಷ ನೃಪತುಂಗನನ್ನು ‘ಕವಿರಾಜಮಾರ್ಗ’ದಿಂದಾಗಿ ನಾವೆಲ್ಲ ಬಲ್ಲೆವು. ಅವನ ಕಾಲದಲ್ಲೇ ಗಣಿತ ಬರೆದ ಮಹಾವೀರಾಚಾರ್ಯರು ಮಾತ್ರ ಪರೀಕ್ಷೆಯ ಒಂದು ಅಂಕದ ಪ್ರಶ್ನೆಯಾಗಿ ಉಳಿದಿದ್ದಾರೆ.

ಇವರು ತೀರ್ಥಂಕರ ಮಹಾವೀರರಲ್ಲ, ಜೈನ ವಿದ್ವಾಂಸರು. ತಂದೆ ತಾಯಿ, ಹುಟ್ಟೂರು ಏನನ್ನೂ ಹೇಳಿಕೊಂಡವರಲ್ಲ. ಸುಮಾರು 850ರಲ್ಲಿ ಸಂಸ್ಕೃತದಲ್ಲಿ ‘ಗಣಿತಸಾರಸಂಗ್ರಹ’ ಬರೆದಾಗ ಜಿನನಿಗೆ ವಂದಿಸಿ, ಅಮೋಘವರ್ಷನನ್ನು ಹೊಗಳಿ, ನೇರ ಕೆಲಸಕ್ಕೆ ಇಳಿದರು. ಆರ್ಯಭಟ, ಬ್ರಹ್ಮಗುಪ್ತರ ಗ್ರಂಥಗಳಲ್ಲಿ ಗಣಿತ ಖಗೋಳದ ಅಧ್ಯಾಯಗಳ ನಡುವೆ ಬರುತ್ತಿತ್ತು. ಇವರು ಗಣಿತಕ್ಕೇ ಇಡೀ ಪುಸ್ತಕ ಮೀಸಲಿಟ್ಟರು. ಗಣಿತ ಎಲ್ಲೆಲ್ಲಿ ಬೇಕೆಂದು ಪಟ್ಟಿ ಮಾಡುವಾಗ ಸಂಗೀತ, ನಾಟಕ, ವೈದ್ಯ, ವಾಸ್ತುವಿನ ಜೊತೆ ಸೂಪಶಾಸ್ತ್ರವನ್ನೂ, ಅಂದರೆ ಅಡುಗೆಯನ್ನೂ ಸೇರಿಸಿದರು. ಆಸ್ಥಾನದ ಪಂಡಿತರೊಬ್ಬರಿಗೆ ಅಡುಗೆಮನೆ ನೆನಪಾದದ್ದು ನನಗಂತೂ ಬಹಳ ಇಷ್ಟ.

ಸೂತ್ರಗಳಿಗೆ ಮೊದಲು ಅವರು ಅಳತೆಗಳನ್ನು ಗೊತ್ತು ಮಾಡುತ್ತಾರೆ. ಧಾನ್ಯಕ್ಕೆ ಪಾತ್ರೆಯ ಅಳತೆ: ನಾಲ್ಕು ಷೋಡಶಿಕೆಗೆ ಒಂದು ಕುಡವ, ನಾಲ್ಕು ಕುಡವಕ್ಕೆ ಒಂದು ಪ್ರಸ್ಥ, ನಾಲ್ಕು ಪ್ರಸ್ಥಕ್ಕೆ ಒಂದು ಆಢಕ, ನಾಲ್ಕು ಆಢಕಕ್ಕೆ ಒಂದು ದ್ರೋಣ. ಹಾಗಾಗಿ ಒಂದು ದ್ರೋಣಕ್ಕೆ 256 ಷೋಡಶಿಕೆ. (ನಮ್ಮ ಸಾಫ್ಟ್‌ವೇರ್ ಮಂದಿಗೆ ಈ ಸಂಖ್ಯೆ ಕಂಡರೆ ನೆಂಟರು ಸಿಕ್ಕ ಹಾಗೆ.) ಚಿನ್ನ, ಬೆಳ್ಳಿ, ಇತರ ಲೋಹಗಳಿಗೆ ತೂಕದ ಬೇರೆ ಬೇರೆ ಕೋಷ್ಟಕ. ಪಾತ್ರೆಯ ಅಳತೆಯನ್ನು ತೂಕದ ಜೊತೆ ಬೆರೆಸಲಿಲ್ಲ.

ಇವತ್ತಿಗೂ ಕೇಕ್ ಮಾಡುವವರು ಎಡವುವುದು ಇಲ್ಲೇ. 240 ಮಿಲಿಲೀಟರಿನ ಕಪ್ಪಿನಲ್ಲಿ ಮೈದಾ ಸುಮಾರು 120 ಗ್ರಾಂ ಹಿಡಿದರೆ ಸಕ್ಕರೆ 200 ಗ್ರಾಂ ಹಿಡಿಯುತ್ತದೆ. ಮೈದಾವನ್ನೇ ಒತ್ತಿ ತುಂಬಿದರೆ 150 ಗ್ರಾಂ ಆಗಬಹುದು, ಕೇಕ್ ಒಣಕಲಾಗುತ್ತದೆ. ಕಪ್ಪನ್ನು ಗ್ರಾಮಿಗೆ ಇಳಿಸುವ ಒಂದೇ ಮಂತ್ರ ಇಲ್ಲ. ಮನೆಯಿಂದಲೇ ಕೇಕ್ ಮಾಡಿ ಮಾರುವವರಿಗೆ ಇದು ಆರ್ಡರ್ ಉಳಿಯುವ, ಹೋಗುವ ಪ್ರಶ್ನೆ. ನಮ್ಮ ಅಜ್ಜಿಯರ ಸೇರು ಕೂಡ ಅಳತೆಗೂ ಇತ್ತು, ತೂಕಕ್ಕೂ ಇತ್ತು. ಯಾವ ಸೇರು ಎಂದು ಕೇಳದಿದ್ದರೆ ಲೆಕ್ಕ ಕೆಟ್ಟಿತು.

ದಾರಿಯೂ ಆಚಾರ್ಯರ ಪುಸ್ತಕದಲ್ಲಿದೆ. ತ್ರೈರಾಶಿಕಕ್ಕೆ ಅವರು ಒಂದು ಪೂರ್ತಿ ಅಧ್ಯಾಯ ಕೊಟ್ಟಿದ್ದಾರೆ. ಮೈದಾ ಒಂದು ಕಪ್ಪಿಗೆ 120 ಗ್ರಾಂ ಎಂದು ಒಮ್ಮೆ ತೂಗಿ ಇಟ್ಟುಕೊಂಡರೆ ಎರಡೂವರೆ ಕಪ್ಪಿಗೆ 300 ಗ್ರಾಂ. ಸಕ್ಕರೆಗೆ ಮತ್ತೆ ಅದರದೇ ತೂಕ ಬೇಕು, ಬೆಣ್ಣೆಗೆ ಅದರದು.

ಎಲ್ಲವೂ ಸರಿ ಎಂದಲ್ಲ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದು ಎಂದು ಬರೆದರು, ಅದು ತಪ್ಪು. ಋಣಸಂಖ್ಯೆಗೆ ವರ್ಗಮೂಲವಿಲ್ಲ ಎಂದವರೂ ಅವರೇ. ಆ ಕಾಲಕ್ಕೆ ದೊಡ್ಡ ಮಾತು.

ಅವರ ಕೊನೆಯ ದಿನಗಳ ದಾಖಲೆಯಿಲ್ಲ. ಪುಸ್ತಕ ಮಾತ್ರ ಪ್ರಯಾಣ ಮಾಡಿತು. 11ನೇ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದ. 1912ರಲ್ಲಿ ಮದರಾಸಿನ ಪ್ರೊಫೆಸರ್ ಎಂ. ರಂಗಾಚಾರ್ಯರು ಕನ್ನಡ ಲಿಪಿಯ ಹಸ್ತಪ್ರತಿಗಳನ್ನೂ ಬಳಸಿ, ಇಂಗ್ಲಿಷ್ ಅನುವಾದದೊಂದಿಗೆ ಅಚ್ಚು ಹಾಕಿಸಿದರು.