ಉಣ್ಣಲೂ ಕಲಿತ ಉಪವಾಸಿ



ನಮ್ಮ ಸಿಂಗಾಪುರದ ಕಡೆಯಿಂದ ಹೊರಟು, ಯಲಹಂಕ ದಾಟಿ, ಬಳ್ಳಾರಿ ರಸ್ತೆ ಹಿಡಿದು ನೀವು ನಂದಿ ಬೆಟ್ಟಕ್ಕೆ ಹೋಗಿರುತ್ತೀರಿ. ಮಂಜಿನಲ್ಲಿ ನಿಂತು, ಮಕ್ಕಳಿಗೆ ಬಿಸಿ ಬಜ್ಜಿ ಕೊಡಿಸಿ ಇಳಿದು ಬಂದಿರುತ್ತೀರಿ. ಅಲ್ಲಿನ ಗಾಂಧಿ ನಿಲಯದ ಮುಂದೆ ಎರಡು ನಿಮಿಷ ನಿಂತವರು ನಿಮ್ಮಲ್ಲಿ ಎಷ್ಟು ಮಂದಿ?

1927ರ ಮಾರ್ಚ್‌ನಲ್ಲಿ ಕೊಲ್ಲಾಪುರದ ಪ್ರವಾಸದಲ್ಲಿದ್ದಾಗ ಗಾಂಧೀಜಿ ಕುಸಿದರು. ರಕ್ತದೊತ್ತಡ ಏರಿತ್ತು, ಮಿತಿಮೀರಿ ದುಡಿದಿದ್ದರು. ವೈದ್ಯರು ವಿಶ್ರಾಂತಿಗೆ ಕಟ್ಟಪ್ಪಣೆ ಮಾಡಿದರು. ಏಪ್ರಿಲ್‌ನಲ್ಲಿ ಅವರನ್ನು ನಂದಿಗೆ ಕರೆತಂದರು. ಜೂನ್ ಮೊದಲಲ್ಲಿ ಬೆಂಗಳೂರಿನ ಕುಮಾರ ಪಾರ್ಕ್‌ಗೆ ಇಳಿದು, ಆಗಸ್ಟ್ ಕೊನೆಯವರೆಗೂ ಅಲ್ಲಿದ್ದರು. ಆಗ ಅವರಿಗೆ 57 ವರ್ಷ. ಸುಮ್ಮನೆ ಕೂರುವುದನ್ನು, ಕೊಟ್ಟದ್ದನ್ನು ಉಣ್ಣುವುದನ್ನು ಆ ದೇಹ ಆ ಹೊತ್ತಿಗೆ ಕಷ್ಟಪಟ್ಟು ಕಲಿತಿತ್ತು. ಇಂದು ನಿಮಗೆ ಹೇಳಹೊರಟಿರುವುದು ಆ ಕಲಿಕೆಯ ಕಥೆಯನ್ನೇ.

ಉಪವಾಸದ ಗಾಂಧಿಯನ್ನು ನಾವೆಲ್ಲ ಬಲ್ಲೆವು. ಊಟಕ್ಕೆ ಮರಳಿದ ಗಾಂಧಿಯನ್ನು ಮಾತ್ರ ಮರೆತಿದ್ದೇವೆ.

1912ರಲ್ಲಿ ದಕ್ಷಿಣ ಆಫ್ರಿಕದಲ್ಲಿದ್ದಾಗ ಅವರು ಹಾಲು ಬಿಟ್ಟರು. ಹಾಲು ಇಂದ್ರಿಯಗಳನ್ನು ಕೆರಳಿಸುತ್ತದೆ ಎಂಬ ನಂಬಿಕೆ ಒಂದು ಕಡೆ. ಕಡೆಯ ತೊಟ್ಟು ಹಾಲನ್ನೂ ಕರೆಯಲು ಹಸು ಎಮ್ಮೆಗಳಿಗೆ ಕೊಡುತ್ತಿದ್ದ ಹಿಂಸೆಯ ಬಗ್ಗೆ ಓದಿ ಹುಟ್ಟಿದ ನೋವು ಇನ್ನೊಂದು ಕಡೆ. ಹಣ್ಣು, ಕಡಲೆಕಾಯಿ, ನಿಂಬೆ, ಇಷ್ಟರಲ್ಲೇ ದಿನ ಕಳೆಯತೊಡಗಿದರು. 1914ರಲ್ಲಿ ಹದಿನಾಲ್ಕು ದಿನಗಳ ಉಪವಾಸ ಮಾಡಿದರು. ಅದೇ ವರ್ಷ ಲಂಡನ್ನಿನ ಚಳಿಯಲ್ಲಿ ಎದೆಗೂಡಿನ ಪೊರೆಯ ಉರಿಯೂತ ಹಿಡಿಯಿತು. ಗುರುವಿನಂತಿದ್ದ ಗೋಖಲೆಯವರೇ ಹಾಲು ಕುಡಿಯಲು ಒತ್ತಾಯಿಸಿದರೂ ಒಪ್ಪಲಿಲ್ಲ. 1915ರ ಹರಿದ್ವಾರದ ಕುಂಭಮೇಳದಲ್ಲಿ ಇನ್ನೊಂದು ವ್ರತ ಸೇರಿತು: ದಿನಕ್ಕೆ ಐದು ಪದಾರ್ಥಗಳಿಗಿಂತ ಹೆಚ್ಚಿಲ್ಲ, ಕತ್ತಲಾದ ಮೇಲೆ ಊಟವಿಲ್ಲ.

ದೇಹ ಎಷ್ಟು ದಿನ ಸಹಿಸೀತು? 1918ರಲ್ಲಿ ಖೇಡಾ ಜಿಲ್ಲೆಯ ಹಳ್ಳಿಗಳಲ್ಲಿ ಮೈಲಿಗಟ್ಟಲೆ ನಡೆದು ತಿರುಗಿದರು, ಉಂಡದ್ದು ಅರೆದ ಕಡಲೆಕಾಯಿ ಮತ್ತು ನಿಂಬೆಹಣ್ಣು. ಆಮಶಂಕೆ ಹಿಡಿಯಿತು. ಒಂದು ಹಬ್ಬದ ದಿನ ಕಸ್ತೂರ್ ಬಾ ಮಾಡಿಟ್ಟ ಗೋಧಿಯ ಸಿಹಿ ಪಾಯಸವನ್ನು ಆಸೆಯಿಂದ ತೃಪ್ತಿಯಾಗುವಷ್ಟು ತಿಂದರು. ಒಂದು ಗಂಟೆಯೊಳಗೆ ರೋಗ ಉಲ್ಬಣಿಸಿತು. ಬಡಕಲು ಹೊಟ್ಟೆಗೆ ಒಮ್ಮೆಲೇ ಬಿದ್ದ ಊಟ! ತಾನು ಸಾಯುತ್ತಿದ್ದೇನೆ ಎಂದು ಅವರಿಗೇ ಅನ್ನಿಸಿದ ರಾತ್ರಿಗಳು ಬಂದವು.

ಮುಂಬಯಿಯಲ್ಲಿ ಡಾ. ದಲಾಲ್ ನೇರವಾಗಿ ಹೇಳಿಬಿಟ್ಟರು, ಹಾಲಿಲ್ಲದೆ ಈ ಶರೀರವನ್ನು ಮತ್ತೆ ಕಟ್ಟಲಾಗದು ಎಂದು. ಗಾಂಧೀಜಿ ವ್ರತವನ್ನು ಮುಂದಿಟ್ಟರು. ಪಕ್ಕದಲ್ಲಿದ್ದ ಕಸ್ತೂರ್ ಬಾ, ವ್ರತ ಹಿಡಿದಾಗ ಮನಸ್ಸಿನಲ್ಲಿದ್ದದ್ದು ಹಸು ಎಮ್ಮೆಗಳ ಹಾಲು ತಾನೇ, ಮೇಕೆಯ ಹಾಲಿಗೆ ಅಡ್ಡಿ ಏನು ಎಂದು ಕೇಳಿದರು. ಗಾಂಧೀಜಿ ಸೋತರು. ವ್ರತದ ಅಕ್ಷರ ಉಳಿಯಿತು, ಜೀವ ಹೋಯಿತು ಎಂಬ ಕೊರಗನ್ನು ಅವರು ಆತ್ಮಕಥೆಯಲ್ಲಿ ಮುಚ್ಚಿಡಲಿಲ್ಲ. ನನಗಂತೂ ಆ ಮನೆಯೊಡತಿಯೇ ಅಂದು ಸರಿ ಎನ್ನಿಸುತ್ತದೆ. ಆ ಹಾಲಿನಿಂದ ಚೇತರಿಸಿಕೊಂಡವರೇ 1919ರ ಏಪ್ರಿಲ್ 6ರಂದು ರೌಲತ್ ಕಾಯ್ದೆಯ ವಿರುದ್ಧ ಇಡೀ ದೇಶ ಅಂಗಡಿ ಮುಚ್ಚುವಂತೆ ಮಾಡಿದರು. ತನ್ನನ್ನು ನೋಡಿ ಹಾಲು ಬಿಟ್ಟವರು ಹಟ ಹಿಡಿಯಬಾರದು ಎಂದೂ ಅವರು ಮುಂದೆ ಬರೆದರು.

ಈಗ ನಿಮ್ಮ ಮನೆಯ ಕಡೆ ಬರೋಣ. ತಪಸ್ಸುಕಾಲ ಮುಗಿದು ಪಾಸ್ಕ ಹಬ್ಬ ಕಳೆದರೂ ಅರ್ಧ ಚಪಾತಿಗೆ ಕೈ ತೊಳೆಯುವ ಮಗಳು ನಿಮ್ಮಲ್ಲಿಯೂ ಇರಬಹುದು. ಅದು ದೇವರಿಗಾಗಿ ಮಾಡಿದ ಉಪವಾಸವಲ್ಲ, ತೂಕದ ಯಂತ್ರಕ್ಕಾಗಿ ಮಾಡಿದ್ದು. ವರ್ಷಗಟ್ಟಲೆ ಕಡಿಮೆ ಉಂಡೂ ತೂಕ ಇಳಿಯುವುದು ನಿಂತಿದೆ, ಸದಾ ಚಳಿ, ಕೂದಲು ಉದುರುತ್ತದೆ, ಮುಟ್ಟು ತಪ್ಪುತ್ತದೆ. ಇದಕ್ಕೆ ಕಾರಣವಿದೆ. ಸಂಬಳ ಅರ್ಧವಾದ ಮನೆಯಲ್ಲಿ ತಾಯಿ ಏನು ಮಾಡುತ್ತಾಳೆ? ದೀಪ ಆರಿಸುತ್ತಾಳೆ, ರಿಪೇರಿ ಮುಂದಕ್ಕೆ ಹಾಕುತ್ತಾಳೆ. ದೇಹವೂ ಹಾಗೆಯೇ ಖರ್ಚು ಇಳಿಸುತ್ತದೆ. ಇದನ್ನೇ ಚಯಾಪಚಯ ನಿಧಾನವಾಯಿತು ಎನ್ನುವುದು.

ಇದನ್ನು ಅಳೆದು ನೋಡಿದವರು ಅಮೆರಿಕದ ಮಿನೆಸೋಟದ ಆನ್ಸೆಲ್ ಕೀಸ್, 1944-45ರಲ್ಲಿ. ಅವರ ಮುಂದೆ ಬಂದವರು 36 ಯುವಕರು, ಕೊಲ್ಲಲು ಮನಸ್ಸಾಕ್ಷಿ ಒಪ್ಪದೆ ಯುದ್ಧಕ್ಕೆ ಹೋಗಲು ನಿರಾಕರಿಸಿದವರು. ಗಾಂಧೀಜಿಗೆ ದೂರದ ನೆಂಟರು ಎನ್ನಿ! 24 ವಾರ ಅವರಿಗೆ ದಿನಕ್ಕೆ ಸುಮಾರು 1,570 ಕ್ಯಾಲೊರಿ ಮಾತ್ರ ಕೊಟ್ಟರು. ತೂಕದ ಕಾಲು ಭಾಗ ಹೋಯಿತು. ಸುಮ್ಮನೆ ಮಲಗಿದ್ದಾಗ ದೇಹ ಖರ್ಚು ಮಾಡುವ ಶಕ್ತಿ ಸುಮಾರು ಶೇಕಡ 40ರಷ್ಟು ಇಳಿಯಿತು. ನಾಡಿ ನಿಧಾನವಾಯಿತು, ಸಿಡುಕು ಹೆಚ್ಚಿತು, ಹಗಲಿರುಳು ಅನ್ನದ್ದೇ ಯೋಚನೆ. ಆಮೇಲೆ ಊಟವನ್ನು ಚೂರುಪಾರು ಹೆಚ್ಚಿಸಿದವರು ಚೇತರಿಸಿಕೊಳ್ಳಲೇ ಇಲ್ಲ ಎನ್ನಬಹುದು. ಅಂಥ ದೇಹ ಮತ್ತೆ ಕಟ್ಟಿಕೊಳ್ಳಲು ತಿಂಗಳುಗಟ್ಟಲೆ ದಿನಕ್ಕೆ 4,000 ಕ್ಯಾಲೊರಿಯಷ್ಟು ಬೇಕು ಎಂದು ಕೀಸ್ ಕಂಡುಕೊಂಡರು. ಮೊದಲು ಮರಳಿದ್ದು ಕೊಬ್ಬು, ಮಾಂಸಖಂಡ ನಿಧಾನವಾಗಿ ಬಂತು. ಹಲವರಿಗೆ ಮೊದಲಿದ್ದುದಕ್ಕಿಂತ ತೂಕ ಕೊಂಚ ಏರಿ, ತಿಂಗಳುಗಳ ನಂತರ ಹಿಂದಿನ ಸ್ಥಿತಿಗೆ ಇಳಿಯಿತು. ಆ ನಡುವಿನ ಏರಿಕೆಗೆ ಹೆದರಿ ಮತ್ತೆ ತಟ್ಟೆ ದೂಡುವವರೇ ಹೆಚ್ಚು.

ಆ ಯುವಕರ ಲೆಕ್ಕ ನಿಮ್ಮ ಮಗಳಿಗೆ ಹಾಗೆಯೇ ಹೊಂದಬೇಕಿಲ್ಲ. ವೈದ್ಯರ ಸಲಹೆಯಂತೆ ತೂಕ ಇಳಿಸುತ್ತಿರುವ ಸಕ್ಕರೆ ಕಾಯಿಲೆಯವರ ಮಾತೂ ಬೇರೆ. ಇನ್ನೊಂದು ಎಚ್ಚರಿಕೆ: ಬಹುದಿನ ಬಹುತೇಕ ಏನೂ ತಿನ್ನದವರಿಗೆ ಒಮ್ಮೆಲೇ ಭರ್ತಿ ಊಟ ಬಡಿಸಬೇಡಿ. ರಕ್ತದಲ್ಲಿನ ಲವಣಗಳು ಕುಸಿದು ಹೃದಯವೇ ನಿಂತೀತು. ಅಂಥವರನ್ನು ಮೊದಲು ಆಸ್ಪತ್ರೆಗೆ ತೋರಿಸಿ. 1924ರಲ್ಲಿ ದೆಹಲಿಯಲ್ಲಿ 21 ದಿನಗಳ ಉಪವಾಸವನ್ನು ಗಾಂಧೀಜಿ ಮುಗಿಸಿದಾಗ ಖುರಾನಿನ ಪಠಣವಾಯಿತು, ಆಂಡ್ರೂಸ್ ಅವರು ಶಿಲುಬೆಯ ಗೀತೆ ಹಾಡಿದರು, ವಿನೋಬಾ ಉಪನಿಷತ್ತು ಹೇಳಿದರು. ಆಮೇಲೆ ಅವರು ಕುಡಿದದ್ದು ಕಿತ್ತಳೆ ರಸ ಮಾತ್ರ. ಹಬ್ಬದ ಪಾಯಸದ ಪಾಠ ನೆನಪಿತ್ತೇನೋ! ಅದೇ ಡಿಸೆಂಬರ್‌ನಲ್ಲಿ ಬೆಳಗಾವಿ ಕಾಂಗ್ರೆಸ್ಸಿನ ಅಧ್ಯಕ್ಷತೆ ವಹಿಸುವಷ್ಟು ಗಟ್ಟಿಯಾಗಿದ್ದರು.

ಪ್ರಯೋಗದ ಚಪಲ ಅವರನ್ನು ಬಿಡಲಿಲ್ಲ ಎನ್ನುವುದೂ ನಿಜ. 1929ರಲ್ಲಿ ಬೇಯಿಸದ ಕಾಳುಗಳ ಪಥ್ಯ ಹಿಡಿದು, ಮತ್ತೆ ಆಮಶಂಕೆಯಾಗಿ ಕೆಲವೇ ತಿಂಗಳಲ್ಲಿ ಕೈಬಿಟ್ಟರು. ಆದರೆ 1942ರಲ್ಲಿ ಪುಣೆಯ ಆಗಾ ಖಾನ್ ಅರಮನೆಯಲ್ಲಿ ಸೆರೆಯಲ್ಲಿದ್ದಾಗ ಆರೋಗ್ಯದ ಬಗ್ಗೆ ಪುಟ್ಟ ಪುಸ್ತಕವೊಂದನ್ನು ಬರೆದರು. ಕುಳಿತು ಕೆಲಸ ಮಾಡುವವರಿಗೆ ದಿನಕ್ಕೆ ಎಷ್ಟು ಬೇಕು ಎಂದು ಅದರಲ್ಲಿ ಅಳತೆ ಕೊಟ್ಟಿದ್ದಾರೆ: ಹಸುವಿನ ಹಾಲು ಎರಡು ಪೌಂಡು, ಅಂದರೆ 900 ಗ್ರಾಂ, ಧಾನ್ಯ ಆರು ಔನ್ಸು, ಅಂದರೆ 170 ಗ್ರಾಂ, ಸೊಪ್ಪು, ಬೇಯಿಸಿದ ಮತ್ತು ಹಸಿ ತರಕಾರಿ ಸೇರಿ ಒಂಬತ್ತು ಔನ್ಸು, ತುಪ್ಪ ಒಂದೂವರೆ ಔನ್ಸು, ಬೆಲ್ಲ ಅಥವಾ ಸಕ್ಕರೆ ಒಂದೂವರೆ ಔನ್ಸು. ಹಣ್ಣು ಸೇರಿಸದೆ ಕೂಡಿಸಿದರೂ ಸುಮಾರು 1,800 ಕ್ಯಾಲೊರಿ ದಾಟುತ್ತದೆ. ಹಾಲು ಬಿಟ್ಟಿದ್ದ ಮನುಷ್ಯ ಪಟ್ಟಿಯ ಮೊದಲ ಸಾಲಿಗೆ ಹಾಲನ್ನೇ ಇಟ್ಟರು. ಹಣ್ಣಿಗೆ ಮಾತ್ರ ಅಳತೆ ಕೊಡದೆ, ಅದನ್ನು ಉಣ್ಣುವವರ ರುಚಿಗೂ ಜೇಬಿಗೂ ಬಿಟ್ಟರು.